‘ಆನೆ ಬಂದರೆ ತಿಳಿಸಬೇಕು’: ಯಾರು, ಯಾರಿಗೆ?

ಹಳಗನ್ನಡದ ತರಗತಿಯಲ್ಲಿ ‘ೞ’ಕಾರವನ್ನು ಬರೆದು ಉಚ್ಚರಿಸಿ ತೋರಿಸುವಾಗ ತಾಳವಾಡಿ ಬೆಟ್ಟದ ವಿದ್ಯಾರ್ಥಿಗಳಿಗೆ ಹೆಚ್ಚು ಶ್ರಮವಾಗುವುದಿಲ್ಲ. ಕನ್ನಡದ ಬಳಕೆಯಿಂದ ಮರೆಯಾದ ಆ ಧ್ವನಿಯು ತಮಿಳಿನಲ್ಲಿ ಇಂದಿಗೂ ಜೀವಂತವಾಗಿದೆ. ಆ ಭಾಷೆಯ ಹೆಸರಿನ ಕೊನೆಯಲ್ಲಿಯೇ ಅದು ಇದೆ. ಕೇಶಿರಾಜನು ರಳ, ಕುಳ, ಕ್ಷಳಗಳೆಂದು ವಿಂಗಡಿಸಿದಾಗ ರಳವೆಂದು ಕರೆದುದು ಇದನ್ನೇ. ಆದರೆ ಜಗತ್ತಿನ ಗಣಕಯಂತ್ರಗಳು ಅನುಸರಿಸುವ ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕಿರುವ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’, ಅಂದರೆ ‘ಫ’.

ಯೂನಿಕೋಡ್‌ನ ಮೊದಲ ಆವೃತ್ತಿ 1991ರದು. ಅದರಲ್ಲಿ ಭಾರತೀಯ ಲಿಪಿಗಳ ಜೋಡಣೆಯು ‘ಇಸ್ಕಿ’ ಎಂಬ ನಮ್ಮ ದೇಶದ ಸಂಕೇತವ್ಯವಸ್ಥೆಯ 1988ರ ರೂಪವನ್ನು ಆಧರಿಸಿತು. ಒಂದು ಲಿಪಿಯ ಅಕ್ಷರವಿರುವ ಸ್ಥಾನದಲ್ಲಿಯೇ ಇನ್ನೊಂದು ಲಿಪಿಯ ಸಮಾನಾಕ್ಷರವೂ ಬರುವಂತೆ ಪಟ್ಟಿಗಳು ಸಿದ್ಧವಾದವು. ದೇವನಾಗರಿಯಲ್ಲಿ ಚುಕ್ಕೆಯುಳ್ಳ ‘ಫ’ ಇರುವ ಸ್ಥಾನದಲ್ಲಿ ಕನ್ನಡದ ರಳವಿದೆ. ಆ ನೆರೆಯ ಪಟ್ಟಿಯನ್ನು ನೋಡಿಯೇ ಇದಕ್ಕೂ ಆ ಹೆಸರಿಟ್ಟಿರಬೇಕೆಂದು ನನ್ನ ಊಹೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಲಾಗದೆಂಬುದು ಯೂನಿಕೋಡ್‌ನ ನಿಯಮ. ಆದುದರಿಂದ ತಪ್ಪು ಹಾಗೆಯೇ ಉಳಿದಿದೆ. ಸರಿಯಾದ ಹೆಸರು ಉಪನಾಮವಾಗಿ ಪಕ್ಕದಲ್ಲಿ ನಿಂತಿದೆ. ಅಕ್ಷರವು ಪರದೆಯ ಮೇಲೆ ಸರಿಯಾಗಿಯೇ ಮೂಡುತ್ತದೆ, ನಿಜ. ಆದರೂ ಪಟ್ಟಿಯನ್ನು ಅಂತಿಮಗೊಳಿಸುವ ಮುನ್ನ ಹಳಗನ್ನಡ ಬಲ್ಲ ಒಬ್ಬರು ಅದನ್ನು ಓದಿದ್ದರೆ ತಪ್ಪು ಅಂದೇ ಅಳಿಯುತ್ತಿತ್ತು.

ತಂತ್ರಾಂಶವನ್ನು ಕಟ್ಟುವ ಮುನ್ನ ಏನನ್ನು ಕಟ್ಟಬೇಕೆಂಬುದನ್ನು ಕೇಳಿ, ಒರೆಗೆ ಹಚ್ಚಿ, ಬರೆದಿಡುವ ಶಿಸ್ತಿಗೆ ‘ರಿಕ್ವೈರ್‌ಮೆಂಟ್ಸ್ ಎಂಜಿನಿಯರಿಂಗ್’ ಎಂದು ಹೆಸರು. ಕನ್ನಡದಲ್ಲಿ ‘ಅಗತ್ಯಗಳ ನಿರೂಪಣೆ’ ಎನ್ನಬಹುದು. ಏನನ್ನು ಕಟ್ಟಬೇಕೆಂದು ಖಚಿತವಾಗಿ ನಿರ್ಧರಿಸುವುದೇ ತಂತ್ರಾಂಶ ನಿರ್ಮಾಣದ ಅತಿ ಕಠಿಣ ಭಾಗವೆಂದು ಅಮೆರಿಕದ ಗಣಕವಿಜ್ಞಾನಿ ಫ್ರೆಡ್ ಬ್ರೂಕ್ಸ್ 1986ರಲ್ಲಿಯೇ ವಾದಿಸಿದ್ದರು. ಈ ಕೆಲಸಕ್ಕೆ ಐದು ಹಂತಗಳು: ಬಳಸುವವರಿಂದ ಕೇಳಿ ತಿಳಿಯುವುದು, ತಿಳಿದುದನ್ನು ವಿಶ್ಲೇಷಿಸುವುದು, ಬರಹಕ್ಕೆ ಇಳಿಸುವುದು, ಬರೆದುದನ್ನು ಅವರಿಗೇ ಓದಿಹೇಳಿ ಸರಿಯೇ ಎಂದು ಪರೀಕ್ಷಿಸುವುದು, ಮುಂದೆ ಬರುವ ಬದಲಾವಣೆಗಳ ಲೆಕ್ಕ ಇಡುವುದು. ಇವುಗಳಲ್ಲಿ ಒಂದಾದರೂ ಭಾಷೆಯ ಕೆಲಸವಲ್ಲದೆ ಇದೆಯೇ? ಕೇಳುವುದು, ಅರ್ಥೈಸುವುದು, ಬರೆಯುವುದು, ಓದಿಹೇಳುವುದು, ಪಾಠಾಂತರಗಳನ್ನು ಗುರುತಿಸುವುದು: ಇವೆಲ್ಲ ನಮ್ಮ ವಿಭಾಗದಲ್ಲಿ ದಿನವೂ ನಡೆಯುವ ಕೆಲಸಗಳೇ.

ನಮ್ಮ ಬೆಟ್ಟದ್ದೇ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸತ್ಯಮಂಗಲದ ಕಾಡಿನ ಅಂಚಿನಲ್ಲಿ ಹೊಲವಿರುವ ರೈತರಿಗಾಗಿ ಒಂದು ಮೊಬೈಲ್ ಆ್ಯಪ್ ಮಾಡಬೇಕಾಗಿದೆ. ಏನು ಬೇಕೆಂದು ಕೇಳಿದರೆ ಅವರು ಹೇಳುವುದು ಒಂದೇ ಮಾತು: ‘ಆನೆ ಬಂದರೆ ತಿಳಿಸಬೇಕು.’ ಕನ್ನಡದಲ್ಲಿ ಇದು ಪೂರ್ಣ ವಾಕ್ಯ. ಆದರೆ ಕರ್ತೃ ಲುಪ್ತವಾಗಿದೆ. ತಿಳಿಸುವವರು ಯಾರು? ಆನೆಯನ್ನು ಕಂಡ ರೈತನೋ, ಅರಣ್ಯ ಇಲಾಖೆಯೋ? ಸಂಪ್ರದಾನವೂ ಕಾಣದು: ಯಾರಿಗೆ? ಇಲಾಖೆಗೋ, ಪಕ್ಕದ ಹೊಲದವರಿಗೋ, ಇಡೀ ಊರಿಗೋ? ಕರಣ ಯಾವುದು: ಬರಹದ ಸಂದೇಶವೋ, ಓದು ಬಾರದವರಿಗೂ ತಿಳಿಯುವ ಧ್ವನಿಯೋ? ಧ್ವನಿಯಾದರೆ ಕನ್ನಡವೋ, ತಮಿಳೋ? ಇನ್ನು ಅಧಿಕರಣ: ಮೊಬೈಲ್ ಸಂಕೇತ ಸಿಗದ ಕಣಿವೆಯಲ್ಲಿ ಏನಾಗಬೇಕು? ‘ಬಂದರೆ’ ಎಂದರೆ ಕಾಡಿನ ಅಂಚಿಗೆ ಬಂದಾಗಲೋ, ಬಾಳೆಯ ತೋಟಕ್ಕೆ ನುಗ್ಗಿದ ಮೇಲೋ? ಎಲ್ಲಿಯೋ ಕುಳಿತ ತಂತ್ರಜ್ಞನು ಈ ಪ್ರಶ್ನೆಗಳನ್ನು ಕೇಳದೆ, ರೈತನು ಇಲಾಖೆಗೆ ದೂರು ಕೊಡುವ ಆ್ಯಪ್ ಮಾಡಿಕೊಟ್ಟರೆ, ರಾತ್ರಿ ಮೊದಲೇ ಎಚ್ಚರಿಕೆ ಬರಲೆಂದು ಬಯಸಿದ್ದವನಿಗೆ ಅದು ನಿಷ್ಪ್ರಯೋಜಕ. ಇಲ್ಲಿ ಪಣಕ್ಕಿರುವುದು ಬೆಳೆಯೂ ಹೌದು, ಪ್ರಾಣವೂ ಹೌದು. ಕಾರಕ ಪ್ರಕರಣವನ್ನು ಪರೀಕ್ಷೆಗಾಗಿ ಕಂಠಪಾಠ ಮಾಡುವ ನಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಇಂಥ ಪ್ರಶ್ನಾವಳಿಯೊಂದು ಸಿದ್ಧವಾಗಿಯೇ ಇದೆ.

ಎಲ್ಲರೂ ಒಪ್ಪಿದ ಪದವೂ ಮೋಸಮಾಡಬಲ್ಲುದು. ನಾನು ಮರಾಠಿ, ಕನ್ನಡ ಎರಡರಲ್ಲಿಯೂ ಶಾಲೆ ಕಲಿತವನು. ಮರಾಠಿ ವರ್ಣಮಾಲೆಯನ್ನು ಒಪ್ಪಿಸುವಾಗ ‘ಳ, ಕ್ಷ, ಜ್ಞ’ ಎಂದು ಮುಗಿಸುತ್ತಿದ್ದೆವು. ಕನ್ನಡದ ಮಾಸ್ತರರು ಳಕಾರಕ್ಕೇ ನಿಲ್ಲಿಸುತ್ತಿದ್ದರು. ‘ಕ್ಷಮೆ’ ಎಂಬ ಪದ ಬೇಕಾದರೆ ನಿಘಂಟಿನ ಕಕಾರಕ್ಕೆ ಹೋಗಬೇಕಾಗಿತ್ತು. ಈಗ ಗ್ರಂಥಾಲಯದ ತಂತ್ರಾಂಶವೊಂದಕ್ಕೆ ‘ಪುಸ್ತಕಗಳನ್ನು ಅಕಾರಾದಿಯಾಗಿ ತೋರಿಸಬೇಕು’ ಎಂದು ಬರೆದರೆ ಆ ಎರಡೂ ಶಾಲೆಯವರು ಸಂತೋಷದಿಂದ ಸಹಿ ಹಾಕುತ್ತಾರೆ. ಜಗಳ ಹುಟ್ಟುವುದು ತಂತ್ರಾಂಶ ಸಿದ್ಧವಾದ ಮೇಲೆ. ಆದುದರಿಂದಲೇ ಒಳ್ಳೆಯ ನಿರೂಪಣೆಗೆ ಒಂದೇ ಅರ್ಥವಿರಬೇಕು, ಅದನ್ನು ಪರೀಕ್ಷಿಸಿ ನೋಡಲು ಸಾಧ್ಯವಾಗಬೇಕು. ‘ಪುಸ್ತಕ ಬೇಗ ಸಿಗಬೇಕು’ ಎಂಬುದನ್ನು ಪರೀಕ್ಷಿಸಲಾಗದು; ‘ಹೆಸರು ಕೊಟ್ಟ 3 ಸೆಕೆಂಡುಗಳೊಳಗೆ ಸಿಗಬೇಕು’ ಎಂಬುದನ್ನು ಪರೀಕ್ಷಿಸಬಹುದು. ಹುಡುಕಿಕೊಡುವುದು ತಂತ್ರಾಂಶದ ಕಾರ್ಯ. ಎಷ್ಟು ಬೇಗ, ಎಷ್ಟು ಸುಲಭವಾಗಿ ಎಂಬುದು ಅದರ ಗುಣ. ಎರಡನ್ನೂ ಬೇರೆಬೇರೆಯಾಗಿ ಬರೆಯಬೇಕೆಂಬುದು ಈ ಶಾಸ್ತ್ರದ ಮೊದಲ ಪಾಠ.

ಭಾಷೆ ಬಲ್ಲವರಷ್ಟೇ ಈ ಕೆಲಸಕ್ಕೆ ಸಾಕೆಂದು ನಾನು ಹೇಳುತ್ತಿಲ್ಲ. ಯಂತ್ರಕ್ಕೆ ಏನು ಸಾಧ್ಯ, ಅದಕ್ಕೆ ವೆಚ್ಚವೆಷ್ಟು ಎಂಬುದನ್ನು ಎಂಜಿನಿಯರ್ ಹೇಳಬೇಕು. ನಾವು ಅದನ್ನು ವಿನಯದಿಂದ ಕಲಿಯಬೇಕು. ನನ್ನ ಆಕ್ಷೇಪವಿರುವುದು ನಮ್ಮನ್ನು ಕರೆಯುವ ಹೊತ್ತಿನ ಬಗ್ಗೆ. ಎಲ್ಲ ಮುಗಿದ ಮೇಲೆ ಗುಂಡಿಗಳ ಮೇಲಿನ ಪದಗಳನ್ನು ಕನ್ನಡಿಸಲು ಕನ್ನಡದವರು ನೆನಪಾಗುತ್ತಾರೆ. ಆ ವೇಳೆಗೆ ರಳದ ಹೆಸರಿನಂತೆ ತಪ್ಪುಗಳು ಗಟ್ಟಿಯಾಗಿರುತ್ತವೆ. ಕನ್ನಡ ಓದಿದವರು ಇರಬೇಕಾದುದು ಮೊದಲ ಸಭೆಯಲ್ಲಿ, ರೈತನ ಮಾತು ಇನ್ನೂ ಬರಹವಾಗದಿರುವಾಗ.

ತಮಿಳುನಾಡಿನಲ್ಲಿದ್ದು ಐಚ್ಛಿಕ ಕನ್ನಡ ಓದಿ ಏನು ಪ್ರಯೋಜನವೆಂದು ಊರಿನಲ್ಲಿ ನಿಮ್ಮನ್ನು ಕೇಳುವವರಿದ್ದಾರೆ. ನನ್ನ ಉತ್ತರ ಇದು: ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಕೇಳಿ ಬೆಳೆದ ನಿಮಗೆ ಒಂದು ಮಾತು ಎರಡು ಕಡೆ ಎರಡು ಬಗೆಯಾಗಿ ಅರ್ಥವಾಗುವುದು ಹೊಸದಲ್ಲ. ಈ ಕೆಲಸಕ್ಕೆ ಬೇಕಾದುದು ಆ ಎಚ್ಚರವೇ. ಮುಂದಿನ ತಿಂಗಳು ನಮ್ಮ ವಿಭಾಗದ ಪುಸ್ತಕ ಸಂಗ್ರಹಕ್ಕೆ ಬೇಕಾದ ತಂತ್ರಾಂಶದ ಅಗತ್ಯಗಳನ್ನು ಎರಡು ಪುಟಗಳಲ್ಲಿ ಬರೆದು ತನ್ನಿ. ಪ್ರತಿ ವಾಕ್ಯದಲ್ಲಿಯೂ ಕರ್ತೃ ಇರಲಿ. ‘ೞ’ ಬಂದಲ್ಲಿ ಅದು ಯಾವ ಅಕ್ಷರದ ಅನಂತರ ಬರಬೇಕೆಂಬುದನ್ನು ಕೂಡ ಬರೆಯಿರಿ.