ಬೈಹುಲ್ಲು ಹೊಟ್ಟೆ ತುಂಬಿಸಿದರೆ ಸಾಲದು

ಕಡಸು ಹೊಟ್ಟೆ ತುಂಬ ತಿಂದರೂ ಮೈ ಹಿಡಿಯುತ್ತಿಲ್ಲವೇ? ಹಿಂಡಿ ಹೆಚ್ಚಿಸುವ ಮೊದಲು ಬೈಹುಲ್ಲಿನತ್ತ ನೋಡಬೇಕು.

ಉದ್ಯಾವರದಿಂದ ಕಾರ್ಕಳದವರೆಗಿನ ಹಟ್ಟಿಗಳಲ್ಲಿ ಭತ್ತದ ಬೈಹುಲ್ಲು ಮುಖ್ಯ ಒಣಮೇವು. ಅದರಲ್ಲಿರುವ ಪ್ರೋಟೀನ್ ಶೇ. 3–4 ಮಾತ್ರ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ನಾರು ಜೀರ್ಣಿಸುವ ಸೂಕ್ಷ್ಮಜೀವಿಗಳು ಚುರುಕಾಗಿರಲು ಸುಮಾರು ಶೇ. 7 ಬೇಕು. ಮಲೆನಾಡು ಗಿಡ್ಡ ತಳಿ ಇಂಥ ಮೇವಿನಲ್ಲೂ ಬದುಕಬಲ್ಲದು. ಮಿಶ್ರತಳಿಯ ಕಡಸಿನ ಬೆಳವಣಿಗೆಗೆ ಅದು ಸಾಲದು.

ಇದಕ್ಕೆ ಪಶುತಜ್ಞರು ದಶಕಗಳಿಂದ ಹೇಳುತ್ತ ಬಂದ ದಾರಿ ಯೂರಿಯಾ ಉಪಚಾರ. 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, 100 ಕಿಲೋ ಬೈಹುಲ್ಲಿಗೆ ಪದರಪದರವಾಗಿ ಚಿಮುಕಿಸಿ, ಟಾರ್ಪಾಲಿನಿಂದ ಬಿಗಿಯಾಗಿ ಮುಚ್ಚಿ 3 ವಾರ ಬಿಡಬೇಕು. ಹುಟ್ಟುವ ಅಮೋನಿಯಾ ನಾರನ್ನು ಸಡಿಲಿಸುತ್ತದೆ, ಸಾರಜನಕವನ್ನೂ ಸೇರಿಸುತ್ತದೆ. ತೆರೆದ ಮೇಲೆ ಘಾಟು ಹೋಗುವವರೆಗೆ ಹರಡಿ, ಬಳಿಕ ಸ್ವಲ್ಪಸ್ವಲ್ಪವಾಗಿ ರೂಢಿಸಬೇಕು.

ಎಚ್ಚರಿಕೆಯೂ ಅಷ್ಟೇ ಮುಖ್ಯ. 6 ತಿಂಗಳೊಳಗಿನ ಕರುಗಳಿಗೆ ಇದು ಬೇಡ. ಯೂರಿಯಾ ಕರಗಿಸಿದ ನೀರು ಕುಡಿದರೆ ಜಾನುವಾರು ಸಾಯಬಹುದು.

ಇದರಿಂದ ಹೈನುಗಾರರಲ್ಲಿ ಹುಟ್ಟುವ ಭಯ ಕರಪತ್ರದಿಂದ ಹೋಗದು. ಪಶುಪಾಲನಾ ಇಲಾಖೆ, ದಕ್ಷಿಣ ಕನ್ನಡ ಹಾಲು ಒಕ್ಕೂಟ ಜೊತೆಗೂಡಿ ಮಳೆಗಾಲಕ್ಕೆ ಮುನ್ನ ಪ್ರತಿ ಹಾಲು ಸಂಘದ ಅಂಗಳದಲ್ಲಿ ಈ ಉಪಚಾರವನ್ನು ಮಾಡಿ ತೋರಿಸಲಿ.