ಮಳೆಯೊರೆಸುವ ಮೋಟಾರು, ಅಂಗಳದ ಪ್ರೇತ

ನಮ್ಮ ಓದುಗರಲ್ಲೊಬ್ಬರಾದ ಹಿರಿಯ ಸೋದರಿಯೊಬ್ಬರು ಕಳವಳದಿಂದ ಪತ್ರ ಬರೆದಿದ್ದಾರೆ. ಅವರ ಮಗಳ ಸಂಸಾರ ಅಮೆರಿಕದ ನ್ಯೂಜೆರ್ಸಿಯಲ್ಲಿದೆ. ಅಳಿಯಂದಿರು ಗುಜರಿಯಿಂದ ಹಳೆಯ ಕಾರಿನ ವೈಪರ್ ಮೋಟಾರೊಂದನ್ನು ತಂದು, ಅಕ್ಟೋಬರ್ ತಿಂಗಳ ಹ್ಯಾಲೋವೀನ್ ಹಬ್ಬಕ್ಕೆಂದು ಮನೆಯ ಮುಂದೆ ಕೈಬೀಸಿ ಹಾರಾಡುವ ‘ಭೂತ’ವನ್ನು ಕಟ್ಟುತ್ತಿದ್ದಾರಂತೆ. ಏಳು ವರ್ಷದ ಮೊಮ್ಮಗ ಅದರ ಬಳಿಯಿಂದ ಕದಲುವುದೇ ಇಲ್ಲವಂತೆ. “ಭೂತವನ್ನು ಆಟಕ್ಕೆ ಕಟ್ಟುವುದು ಸರಿಯೇ? ಆ ವಿದ್ಯುತ್ತು ಮಗುವಿಗೆ ತಗಲಿದರೆ ಗತಿಯೇನು?” ಎಂಬುದು ಅವರ ಪ್ರಶ್ನೆ.

ಮೊದಲನೆಯದಕ್ಕೆ ಉತ್ತರ ಸುಲಭ. ಕಾಸರಗೋಡಿನ ನಮಗೆ ಭೂತವೆಂದರೆ ಕೈಮುಗಿದು ನಿಲ್ಲಬೇಕಾದ ದೈವ. ಅಲ್ಲಿಯವರದು ಬರಿಯ ಬೆದರುಬೊಂಬೆ. ಅದನ್ನು ಪ್ರೇತವೆಂದು ಕರೆದರೆ ಗೊಂದಲ ತಪ್ಪುತ್ತದೆ. ಅಕ್ಟೋಬರ್ ೩೧ರ ಈ ಹಬ್ಬವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡ್, ಸ್ಕಾಟ್ಲೆಂಡ್‌ಗಳಿಂದ ವಲಸೆ ಹೋದವರು ಅಮೆರಿಕಕ್ಕೆ ಕೊಂಡೊಯ್ದರು. ತಮ್ಮ ನಾಡಿನಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪವಿಡುತ್ತಿದ್ದವರಿಗೆ ಹೊಸ ನಾಡಿನಲ್ಲಿ ದೊಡ್ಡ ಸಿಹಿಗುಂಬಳ ಸಿಕ್ಕಿತು. ಆ ಸಂಜೆ ಮಕ್ಕಳು ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಬೇಡುತ್ತಾರೆ. ಮನೆಯವರು ಅವರನ್ನು ಒಂದಿಷ್ಟು ಬೆಚ್ಚಿಬೀಳಿಸಿ ನಗಿಸುತ್ತಾರೆ. ಬಣ್ಣದ ವೇಷದ ಅಟ್ಟಹಾಸಕ್ಕೆ ಬೆದರಿ ಅಜ್ಜನ ಶಾಲಿನೊಳಗೆ ಮುಖ ಹುದುಗಿಸಿಯೂ, ಮರುವರ್ಷ ಆಟಕ್ಕೆ ತಪ್ಪದೆ ಹೋದ ನಮಗೆ ಈ ಸುಖದ ಪರಿಚಯವಿಲ್ಲದೆ ಇಲ್ಲ.

ಇನ್ನು ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರ ಹೇಳುವ ಮುನ್ನ ಆ ಮೋಟಾರಿನ ಗುಣವನ್ನು ತಿಳಿಯಬೇಕು.

ಗಾಜಿನ ಮೇಲಣ ಮಳೆಯನ್ನು ಒರೆಸುವ ಕೈಚಾಲಿತ ಸಾಧನಕ್ಕೆ ೧೯೦೩ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದವರು ಮೇರಿ ಆಂಡರ್ಸನ್ ಎಂಬ ಮಹಿಳೆ. ಇಂದಿನ ಕಾರುಗಳಲ್ಲಿ ಆ ಕೆಲಸವನ್ನು ೧೨ ವೋಲ್ಟಿನ ಮೋಟಾರು ಮಾಡುತ್ತದೆ. ಅದರ ಒಳಗೆ ವೇಗವಾಗಿ ತಿರುಗುವ ದಂಡದ ತುದಿಯಲ್ಲಿ ತಿರುಪಿನಂತಹ ಹಲ್ಲುಗಳಿದ್ದು, ಅವು ದೊಡ್ಡದೊಂದು ಹಲ್ಲುಗಾಲಿಯನ್ನು ಮೆಲ್ಲನೆ ತಿರುಗಿಸುತ್ತವೆ. ವೇಗ ಇಳಿಯುತ್ತದೆ, ಬಲ ಏರುತ್ತದೆ. ನಿಮಿಷಕ್ಕೆ ಸುಮಾರು ೪೫ ಸುತ್ತು ನಿಧಾನಗತಿ. ೬೫ರ ಆಸುಪಾಸು ಶೀಘ್ರಗತಿ. ಪ್ರೇತಕ್ಕೆ ಬೇಕಾದುದೂ ಇಂತಹ ನಿಧಾನದ ಚಲನೆಯೇ. ಆದುದರಿಂದಲೇ ಅಲ್ಲಿನ ಹವ್ಯಾಸಿಗಳಿಗೆ ಗುಜರಿಯ ವೈಪರ್ ಮೋಟಾರೆಂದರೆ ಅಷ್ಟು ಅಕ್ಕರೆ.

ಮೋಟಾರಿನಿಂದ ಸಾಮಾನ್ಯವಾಗಿ ನಾಲ್ಕೈದು ತಂತಿಗಳು ಹೊರಬರುತ್ತವೆ. ಒಂದು ಎರಡೂ ಗತಿಗಳಿಗೆ ಸಮಾನವಾದ ತಂತಿ, ಒಂದು ನಿಧಾನಗತಿಯದು, ಒಂದು ಶೀಘ್ರಗತಿಯದು. ಉಳಿದವು ವಿಶ್ರಾಂತಿಯ ತಂತಿಗಳು. ವೈಪರನ್ನು ನಡುದಾರಿಯಲ್ಲಿ ಆರಿಸಿದರೂ ಅದು ಗಾಜಿನ ಅಂಚಿಗೆ ಮರಳಿಯೇ ನಿಲ್ಲುವುದನ್ನು ನೀವೆಲ್ಲ ನೋಡಿದ್ದೀರಿ. ಆ ಕೆಲಸ ಇವುಗಳದು. ಪ್ರೇತವು ಸದಾ ಆಡುತ್ತಲೇ ಇರಬೇಕಾದರೆ ಇವನ್ನು ಬೇರೆ ಬೇರೆಯಾಗಿ ಪಟ್ಟಿ ಸುತ್ತಿ ಬಿಟ್ಟುಬಿಡಬಹುದು. ಕೆಲವು ಮೋಟಾರುಗಳಲ್ಲಿ ಲೋಹದ ಕವಚವೇ ಸಮಾನ ತಂತಿಯ ಕೆಲಸವನ್ನು ಮಾಡುತ್ತದೆ. ಅಂತಹದನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದರೆ ಚೌಕಟ್ಟೂ ವಿದ್ಯುತ್ ಮಂಡಲದ ಭಾಗವಾಗುವುದರಿಂದ ಮರದ ಹಲಗೆಯ ಮೇಲೆ ಕೂರಿಸುವುದು ಲೇಸು.

ವಿದ್ಯುತ್ತಿಗೆ ಹಳೆಯ ಗಣಕಯಂತ್ರದ ವಿದ್ಯುತ್ ಪೆಟ್ಟಿಗೆಯನ್ನು ಹಲವರು ಬಳಸುತ್ತಾರೆ. ಸಾಮಾನ್ಯ ಮಾದರಿಯ ಪೆಟ್ಟಿಗೆಯಲ್ಲಿ ಹಳದಿ ತಂತಿಯಲ್ಲಿ ೧೨ ವೋಲ್ಟ್, ಕೆಂಪು ತಂತಿಯಲ್ಲಿ ೫ ವೋಲ್ಟ್ ದೊರೆಯುತ್ತದೆ. ಕಪ್ಪು ತಂತಿ ಮರಳುವ ದಾರಿ. ೫ ವೋಲ್ಟ್ ಕೊಟ್ಟರೆ ಮೋಟಾರು ಅರ್ಧಕ್ಕಿಂತಲೂ ಕಡಿಮೆ ವೇಗದಲ್ಲಿ ತೆವಳುತ್ತದೆ. ಪ್ರೇತದ ಗಾಂಭೀರ್ಯಕ್ಕೆ ಅದೇ ಹೊಂದುತ್ತದೆ.

ಇನ್ನು ಹಾರಾಟದ ಗುಟ್ಟು. ಮೋಟಾರಿನ ದಂಡಕ್ಕೆ ೧೦ ಸೆಂಟಿಮೀಟರಿನ ಒಂದು ಪಟ್ಟಿಯನ್ನು ಬಿಗಿದು, ಅದರ ತುದಿಗೆ ಮೂರು ದಾರಗಳನ್ನು ಕಟ್ಟುತ್ತಾರೆ. ದಾರಗಳು ಬೇರೆ ಬೇರೆ ಕಡೆಯ ಮೂರು ಕೊಂಡಿಗಳ ಮೂಲಕ ಹಾದು ತಲೆಗೊಂದು, ಕೈಗಳಿಗೆ ಒಂದೊಂದರಂತೆ ಇಳಿಯುತ್ತವೆ. ಪಟ್ಟಿ ಸುತ್ತುವಾಗ ಮೂರೂ ದಾರಗಳು ಒಟ್ಟಿಗೆ ಎಳೆಯಲ್ಪಡುವುದಿಲ್ಲ. ತಲೆ ಏಳುವಾಗ ಒಂದು ಕೈ ಇಳಿಯುತ್ತಿರುತ್ತದೆ, ಮತ್ತೊಂದು ಆಗಷ್ಟೇ ಹೊರಟಿರುತ್ತದೆ. ಹೀಗೆ ಒಂದೇ ಮೋಟಾರಿನಿಂದ, ತೆಳುಬಟ್ಟೆ ಹೊದೆಸಿದ ಥರ್ಮೊಕೋಲಿನ ತಲೆಗೆ ಜೀವ ಬಂದಂತೆ ತೋರುತ್ತದೆ.

ಈಗ ಅಪಾಯದ ಮಾತು. ಸೋದರಿಯವರು ೧೨ ವೋಲ್ಟಿಗೆ ಹೆದರಬೇಕಾಗಿಲ್ಲ. ಒಣ ಕೈಗೆ ಅದು ತಗಲಿದರೂ ಆಘಾತವಾಗದು. ಎಚ್ಚರವಿರಬೇಕಾದ ಕಡೆಗಳು ಬೇರೆ ಮೂರು.

ಮೊದಲನೆಯದು ಬೆಂಕಿ. ಹಗುರ ಕೆಲಸದಲ್ಲಿ ಮೋಟಾರು ಎರಡು ಮೂರು ಆಂಪಿಯರಿಗೆ ತೃಪ್ತಿಪಡುತ್ತದೆ. ದಾರವೋ ಬಟ್ಟೆಯೋ ಸಿಕ್ಕಿ ಅದು ತಿರುಗದೆ ನಿಂತರೆ ೧೫ ಆಂಪಿಯರನ್ನೂ ಮೀರಿ ಎಳೆಯಬಲ್ಲದು. ತೆಳ್ಳನೆಯ ತಂತಿ ಆಗ ಕಾದು ಸುಡುತ್ತದೆ. ವಿದ್ಯುತ್ ಹೊರಡುವಲ್ಲಿಯೇ ೫ ಅಥವಾ ೭.೫ ಆಂಪಿಯರಿನ ಫ್ಯೂಸ್ ಇರಲೇಬೇಕು. ಅದು ಪದೇ ಪದೇ ಸುಟ್ಟರೆ ದೊಡ್ಡ ಫ್ಯೂಸನ್ನು ಹಾಕುವುದಲ್ಲ. ಎಲ್ಲಿ ಸಿಕ್ಕಿಕೊಂಡಿದೆಯೆಂದು ಹುಡುಕಬೇಕು.

ಎರಡನೆಯದು ಪೆಟ್ಟಿಗೆಯ ಆಚೆಯ ಬದಿ. ಅಲ್ಲಿರುವುದು ಅಮೆರಿಕದ ಮನೆಗಳ ೧೨೦ ವೋಲ್ಟ್. ಅಕ್ಟೋಬರಿನ ಅಂಗಳ ಮಳೆಗೂ ಮಂಜಿಗೂ ತೊಯ್ದಿರುತ್ತದೆ. ಆದುದರಿಂದ ಪೆಟ್ಟಿಗೆ ಮನೆಯೊಳಗೆ ಒಣ ಜಾಗದಲ್ಲಿರಲಿ, ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಸಾಧನವುಳ್ಳ ಪ್ಲಗ್ಗಿಗೇ ಸೇರಿರಲಿ. ಅಂಗಳಕ್ಕೆ ೧೨ ವೋಲ್ಟಿನ ತಂತಿ ಮಾತ್ರ ಇಳಿಯಲಿ. ಪೆಟ್ಟಿಗೆಯನ್ನು ಯಾರೂ ಬಿಚ್ಚಬಾರದು. ಪ್ಲಗ್ಗನ್ನು ಕಿತ್ತ ಮೇಲೂ ಅದರೊಳಗೆ ಮಾರಕ ವಿದ್ಯುತ್ತು ಸ್ವಲ್ಪ ಕಾಲ ಉಳಿದಿರುತ್ತದೆ.

ಮೂರನೆಯದು, ಮಗುವಿನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಮೋಟಾರಿನ ಬಲ. ೧೦ ಸೆಂಟಿಮೀಟರಿನ ಪಟ್ಟಿಯ ತುದಿಯಲ್ಲಿ ೨೦ ಕಿಲೋಗ್ರಾಮ್ ತೂಕವನ್ನೆತ್ತುವಷ್ಟು ಬಲ ಅನೇಕ ಮೋಟಾರುಗಳಿಗುಂಟು. ಅದರ ನಿಧಾನವನ್ನು ನೋಡಿ ಸಾಧುವೆಂದು ಭ್ರಮಿಸಬಾರದು. ಪಟ್ಟಿಗೂ ಹಲಗೆಗೂ ನಡುವೆ ಬೆರಳು ಸಿಕ್ಕರೆ ಅದು ನಿಲ್ಲುವುದಿಲ್ಲ. ವಿದ್ಯುತ್ತನ್ನು ಆರಿಸಿದರೂ ತಿರುಪಿನ ಹಲ್ಲು ಬಿಗಿಹಿಡಿದೇ ಇರುತ್ತದೆ, ಪಟ್ಟಿಯನ್ನು ಕೈಯಿಂದ ಹಿಂದಕ್ಕೆ ತಳ್ಳಲಾಗದು. ಆದುದರಿಂದ ಮೋಟಾರನ್ನು ಎತ್ತರದಲ್ಲಿ ಕೂರಿಸಿ ಸುತ್ತಲೂ ಬಲೆಯ ಗೂಡು ಕಟ್ಟಬೇಕು. ದಾರವೂ ಗಟ್ಟಿಯಾಗಿರಬಾರದು, ಯಾವ ಮಗುವಾದರೂ ಹಿಡಿದೆಳೆದರೆ ಅದು ತುಂಡಾಗಬೇಕು.

ಅಮ್ಮ, ತಾವು ಫೋನಿನಲ್ಲಿ ಅಳಿಯಂದಿರೊಡನೆ ಮಾತನಾಡುವಾಗ “ಭೂತ ಬೇಡ” ಎನ್ನಬೇಡಿ. “ಫ್ಯೂಸ್ ಹಾಕಿದ್ದೀರಾ? ಪೆಟ್ಟಿಗೆ ಒಳಗಿದೆಯೇ? ಮೋಟಾರಿಗೆ ಗೂಡು ಕಟ್ಟಿದ್ದೀರಾ?” ಎಂದು ಈ ಮೂರನ್ನು ಮಾತ್ರ ಕೇಳಿ. ಅತ್ತೆಯವರಿಗೆ ಇಷ್ಟು ತಿಳಿದಿದೆಯಲ್ಲ ಎಂಬ ಬೆರಗಿಗಾದರೂ ಅವರು ಮಾಡಿಯೇ ತೀರುತ್ತಾರೆ. ಗೂಡು ಕಟ್ಟುವಾಗ ಮೊಮ್ಮಗನನ್ನೂ ಜತೆಗೆ ಕೂರಿಸಿಕೊಳ್ಳಲು ಹೇಳಿ. ಬೆರಳನ್ನು ಎಲ್ಲಿ ಇಡಬಾರದೆಂಬುದು ಬೈಗುಳಕ್ಕಿಂತ ಬೇಗ ಅವನಿಗೆ ಅಲ್ಲಿಯೇ ತಿಳಿಯುತ್ತದೆ.