ಎಂಜಿನ್ ಬಿಚ್ಚುವ ಕೈಗೆ ಕನ್ನಡದ ಪುಸ್ತಕ ಕೊಡಿ

ಅಂಗಡಿಯ ಬೋರ್ಡು ಕನ್ನಡದಲ್ಲಿರಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡದ ಹುಡುಗರೇ, ಆ ಅಂಗಡಿಯೊಳಗೆ ಮಾರುವ ಎಂಜಿನ್ನಿನ ಪೆಟ್ಟಿಗೆ ಬಿಚ್ಚಿ ನೋಡಿದ್ದೀರಾ? ಅದರೊಳಗಿನ ಪುಸ್ತಕದಲ್ಲಿ ಕನ್ನಡವನ್ನು ಹುಡುಕಿದ್ದೀರಾ?

ನಮ್ಮ ಕರಾವಳಿಯನ್ನೇ ನೋಡಿ. ಮಲ್ಪೆ, ಗಂಗೊಳ್ಳಿ, ಕಾರವಾರದ ನಾಡದೋಣಿಗಳ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ ಜಪಾನಿನ ಯಮಹಾ, ಸುಜುಕಿಗಳದೇ ದೊಡ್ಡ ಹೆಸರು. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಯಾಂತ್ರಿಕ ಬೋಟುಗಳು ದಡದಲ್ಲಿರಬೇಕು. ಆ ಹೊತ್ತಿನಲ್ಲಿ 10 ಅಶ್ವಶಕ್ತಿವರೆಗಿನ ಎಂಜಿನ್ನಿನ ನಾಡದೋಣಿಗೆ ಕಡಲಿಗಿಳಿಯಲು ಅವಕಾಶವಿದೆ. ಅಂದರೆ ಕಡಲು ಕೆರಳಿ ನಿಂತ ಕಾಲದಲ್ಲೇ ಬಡವನ ದುಡಿಮೆ. ಅಳಿವೆ ದಾಟುವಾಗ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಅಲೆ ಮಗುಚಿ ಹಾಕುತ್ತದೆ. ಅಲ್ಲಿಗೆ ಯಾವ ಕಂಪನಿಯ ಮೆಕ್ಯಾನಿಕ್ ಬರುತ್ತಾನೆ?

ಆ ಎಂಜಿನ್ನಿನಲ್ಲಿ ದೇವರಹಸ್ಯವೇನೂ ಇಲ್ಲ. ಸೀಮೆಎಣ್ಣೆಯ ಎಂಜಿನ್ನನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಂದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿಯದೆ ಮರುದಿನ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. ಎಂಜಿನ್ ಓಡುವಾಗ ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿರಬೇಕು. ಅದು ನಿಂತಿತೆಂದರೆ ತಂಪು ಮಾಡುವ ನೀರು ಒಳಗೆ ಹೋಗುತ್ತಿಲ್ಲ, ಅಥವಾ ಆ ತೂತೇ ಕಟ್ಟಿದೆ. ಕೂಡಲೇ ಎಂಜಿನ್ ನಿಲ್ಲಿಸಿ ನೋಡಬೇಕು. ನೀರು ಎಳೆಯುವ ಬಾಯಿಗೆ ಪ್ಲಾಸ್ಟಿಕ್ ಸಿಕ್ಕಿರಬಹುದು, ಒಳಗಿನ ರಬ್ಬರಿನ ಇಂಪೆಲ್ಲರ್ ಸವೆದಿರಬಹುದು. ಗೇರ್ ಆಯಿಲ್ ಹಾಲಿನಂತೆ ಬಿಳಿಯಾಗಿದ್ದರೆ ಸೀಲ್ ಹೋಗಿ ನೀರು ಸೇರಿದೆ. ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ಎಂಜಿನ್ ಓಡಿಸಿ ಉಪ್ಪು ತೊಳೆಯಬೇಕು. ಪ್ಲಗ್ ಬಿಚ್ಚಿ ಮಸಿ ಒರೆಸಬೇಕು.

ನೋಡಿ, ಇಷ್ಟೂ ಕನ್ನಡದಲ್ಲೇ ಹೇಳಿದೆ. ಯಾವುದಾದರೂ ಅರ್ಥವಾಗದೆ ಹೋಯಿತೇ?

ಈ ವಿದ್ಯೆ ಮೀನುಗಾರರಲ್ಲಿ ಕೈಯಿಂದ ಕೈಗೆ ಬಂದಿದೆ. ಮನೆಯಲ್ಲಿ ತುಳು, ಕೊಂಕಣಿ ಆಡುವ ಹುಡುಗನೂ ಶಾಲೆಯಲ್ಲಿ ಓದಿದ ಅಕ್ಷರ ಕನ್ನಡ. ಅವನಿಗೆ ಆ ಅಕ್ಷರದಲ್ಲಿ ಪುಸ್ತಕ ಕೊಡದೆ, ಪ್ಲಗ್ ಬದಲಿಸುವುದಕ್ಕೂ ದುಡ್ಡು ಕೊಟ್ಟು ಕಾಯಿಸುವುದು ಯಾವ ನ್ಯಾಯ?

ನಮ್ಮ ಕಲ್ಲುಗುಂಡಿಯಲ್ಲಿ ಕಡಲಿಲ್ಲ, ಪಯಸ್ವಿನಿ ಇದೆ. ಆದರೆ ತೋಟದ ಹುಲ್ಲು ಕತ್ತರಿಸುವ ಮೆಷಿನ್ನಿಗೂ ಅಡಿಕೆಗೆ ಮದ್ದು ಬಿಡುವ ಪಂಪಿಗೂ ಅದೇ ಜಾತಿಯ ಎಂಜಿನ್. ಎಷ್ಟು ಪೆಟ್ರೋಲಿಗೆ ಎಷ್ಟು ಆಯಿಲ್ ಎಂಬುದೂ ಇಂಗ್ಲಿಷಿನಲ್ಲಿ! 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದು ಮಡಿಕೇರಿಯ ದಾರಿ ಮುಚ್ಚಿತು. 2022ರ ಆಗಸ್ಟಿನಲ್ಲಿ ಹೊಳೆ ಪೇಟೆಗೇ ನುಗ್ಗಿತು. ದಾರಿ ಮುಚ್ಚಿದ ದಿನ ಸರ್ವಿಸ್ ಸೆಂಟರಿನ ಫೋನ್ ನಂಬರಿನಿಂದ ಪಂಪು ಓಡುವುದಿಲ್ಲ. ನಮ್ಮ ಕೈಯಲ್ಲಿರುವ ವಿದ್ಯೆಯಿಂದ ಓಡುತ್ತದೆ.

ಕಾನೂನು ಏನು ಹೇಳುತ್ತದೆ? ಪೊಟ್ಟಣದ ಸರಕಿನ ಕುರಿತ ಕೇಂದ್ರದ 2011ರ ನಿಯಮದ ಪ್ರಕಾರ ಪೊಟ್ಟಣದ ಮೇಲಿನ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಲೇಬೇಕು. ಬೇರೆ ಭಾಷೆಯನ್ನು ಬೇಕಾದರೆ ಸೇರಿಸಿಕೊಳ್ಳಬಹುದಂತೆ. ಕನ್ನಡ 'ಬೇಕಾದರೆ'ಯ ಭಾಷೆ! ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ಜಪಾನಿನಿಂದಲೋ ಹೊರರಾಜ್ಯದಿಂದಲೋ ಬರುವ ಎಂಜಿನ್ನಿಗೆ ಅದು ತಟ್ಟುವುದಿಲ್ಲ. ಇಲ್ಲಿ ಮಾರುವವನಿಗೆ ಇಲ್ಲಿನ ಭಾಷೆಯೂ ಕಡ್ಡಾಯವಾಗಬೇಕು. ನಮ್ಮ ಸಂಸದರು ದೆಹಲಿಯಲ್ಲಿ ಕೇಳಬೇಕಾದ್ದು ಇದನ್ನು.

ಕನ್ನಡದಲ್ಲಿ ಇಂಥದ್ದಕ್ಕೆ ಪದವೇ ಇಲ್ಲ ಎನ್ನುವ ಪಂಡಿತರಿದ್ದಾರೆ. ಪ್ಲಗ್, ಗೇರ್, ಕಾರ್ಬುರೇಟರ್ ಎಂದು ಗ್ಯಾರೇಜಿನ ಹುಡುಗ ಆಡುವುದನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ, ಸಾಕು. ಪಕ್ಕದ ಪುತ್ತೂರಿನಲ್ಲಿದ್ದ ಶಿವರಾಮ ಕಾರಂತರು 'ಬಾಲಪ್ರಪಂಚ', 'ವಿಜ್ಞಾನ ಪ್ರಪಂಚ'ಗಳನ್ನು ಒಬ್ಬರೇ ಕೂತು ಬರೆದರು. ಅದೇ ಪುತ್ತೂರಿನಿಂದ 1988ರಲ್ಲಿ ಹೊರಟ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತೋಟದವರು ಬರೆದರು, ತೋಟದವರು ಓದಿದರು. ಎಂಜಿನ್ ಬಿಚ್ಚುವವರು ಬರೆಯಲಾರರೇ?

ನಾನು ಪ್ರೆಸ್ ನಡೆಸುವವನು, ಲೆಕ್ಕ ಹೇಳುತ್ತೇನೆ. ಒಂದು ಡೆಮ್ಮಿ ಹಾಳೆಯ ಎರಡೂ ಬದಿ ಮುದ್ರಿಸಿ ಮೂರು ಸಲ ಮಡಚಿದರೆ 16 ಪುಟದ ಪುಸ್ತಿಕೆ. ಒಂದು ಎಂಜಿನ್ನಿನ ದಿನನಿತ್ಯದ ಸರ್ವಿಸ್ ಬರೆಯಲು ಅಷ್ಟು ಸಾಕು.

ಬೆಂಗಳೂರಿನ, ಮಂಗಳೂರಿನ, ಹುಬ್ಬಳ್ಳಿಯ ಹುಡುಗರೇ, ನಿಮ್ಮಲ್ಲಿ ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ಓದಿದವರು ಸಾವಿರಾರು ಮಂದಿ. ರಜೆಯಲ್ಲಿ ಮಲ್ಪೆಗೆ ಹೋಗಿ. ಸೆಲ್ಫಿ ಆಮೇಲೆ, ಮೊದಲು ಒಬ್ಬ ಮೀನುಗಾರನ ಪಕ್ಕ ಕೂತು ಎಂಜಿನ್ ಬಿಚ್ಚುವುದನ್ನು ನೋಡಿ, ಕಲಿಯಿರಿ, ಬರೆದುಕೊಳ್ಳಿ. ಅವನಿಗೇ ಓದಿ ಹೇಳಿ ತಿದ್ದಿಸಿ. 1982ರ ಗೋಕಾಕ್ ಚಳವಳಿಯಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದದ್ದು ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಲು. ನಾವು ಕೇಳಬೇಕಾದ್ದು ಗ್ಯಾರೇಜಿನಲ್ಲಿ, ದೋಣಿಯಲ್ಲಿ, ತೋಟದಲ್ಲಿ.

ಕೇಳುತ್ತಾ ಕೂರುವುದೂ ಬೇಡ. ಮೊದಲ ಪುಸ್ತಿಕೆ ಬರೆದು ತನ್ನಿ. ಅಚ್ಚಿನ ಕೂಲಿ ನನ್ನದು.